ಗೊತ್ತಿಲ್ಲದ ಕಾಡಿನಲ್ಲಿ ಎಲ್ಕ್ ಇರುವ ನೆಲವನ್ನು ಹುಡುಕುವುದು

ಅಮೆರಿಕದ ಕೊಲರಾಡೊ ರಾಜ್ಯದ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು, ಬರುವ ಅಕ್ಟೋಬರ್‌ನಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಎಲ್ಲಿಗೆ ಹೋಗಬೇಕೆಂದು ಯೋಚಿಸುವವನನ್ನು ಮೊದಲು ಕಂಗೆಡಿಸುವುದು ಆ ನೆಲದ ಅಗಾಧತೆ. ರಾಜ್ಯದ ಮೂರನೆಯ ಒಂದು ಪಾಲಿಗಿಂತ ಹೆಚ್ಚು, ಅಂದರೆ ಸುಮಾರು 2.4 ಕೋಟಿ ಎಕರೆ ನೆಲ ಅಲ್ಲಿನ ಕೇಂದ್ರ ಸರ್ಕಾರದ ಒಡೆತನದಲ್ಲಿದೆ. ರಾಷ್ಟ್ರೀಯ ಉದ್ಯಾನಗಳಂಥ ಕೆಲವು ಪ್ರದೇಶಗಳನ್ನು ಬಿಟ್ಟರೆ ಇದರ ಬಹುಪಾಲಿನಲ್ಲಿ ಪರವಾನಗಿ ಪಡೆದ ಯಾರು ಬೇಕಾದರೂ ಬೇಟೆಯಾಡಬಹುದು. ಎಲ್ಕ್‌ಗಳ ಸಂಖ್ಯೆಯೂ ಮೂರು ಲಕ್ಷದ ಆಸುಪಾಸಿನಲ್ಲಿದೆ. ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಹೀಗಿದ್ದೂ ಪ್ರತಿವರ್ಷ ಬೇಟೆಗೆ ಹೋದವರಲ್ಲಿ ಬಹುತೇಕರು ಬರಿಗೈಯಲ್ಲಿ ಮರಳುತ್ತಾರೆ. ಗುರಿ ತಪ್ಪಿದ್ದು ಇದಕ್ಕೆ ಕಾರಣವಾಗುವುದು ಕಡಿಮೆ. ಎಲ್ಕ್ ಇಲ್ಲದ ಜಾಗದಲ್ಲಿ ಐದಾರು ದಿನ ನಡೆದದ್ದೇ ಹೆಚ್ಚಿನವರ ಕಥೆ.

ಎಲ್ಕ್ ನಮ್ಮ ಕಡವೆಯ ದಾಯಾದಿ. ಮಲೆನಾಡಿನ ಕಡವೆಯ ಚರ್ಯೆಯನ್ನು ಬಲ್ಲವರಿಗೆ ಇದರ ಸ್ವಭಾವ ಅರ್ಧ ತಿಳಿದಂತೆಯೇ. ಹಗಲೆಲ್ಲ ದಟ್ಟ ನೆರಳಿನಲ್ಲಿ ಮಲಗಿದ್ದು ಮುಸ್ಸಂಜೆಗೆ ಬಯಲಿಗಿಳಿಯುವುದು, ಕೆಸರಿನಲ್ಲಿ ಹೊರಳುವುದು, ಕೊಂಬನ್ನು ಮರಕ್ಕೆ ಉಜ್ಜುವುದು, ಮನುಷ್ಯನ ವಾಸನೆ ಸಿಕ್ಕ ಕೂಡಲೇ ಜಾಗ ಖಾಲಿ ಮಾಡುವುದು ಎಲ್ಲವೂ ಎರಡಕ್ಕೂ ಸಮಾನ. ಆದರೆ ಎಲ್ಕ್ ದೊಡ್ಡ ಹಿಂಡುಗಳಲ್ಲಿ ಬಾಳುವ ಪ್ರಾಣಿ. ಬೆಳೆದ ಗಂಡು 300 ಕಿಲೋ ದಾಟುತ್ತದೆ, ಹೆಣ್ಣು 225 ಕಿಲೋದಷ್ಟು ತೂಗುತ್ತದೆ. ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ಬೆದರಿದ ಎಲ್ಕ್ ಪಕ್ಕದ ಹಳುವಿನಲ್ಲಿ ಅಡಗಿ ಕೂರುವುದಿಲ್ಲ, ಒಂದೆರಡು ಕಣಿವೆಗಳನ್ನು ದಾಟಿ ಹಲವು ಕಿಲೋಮೀಟರ್ ಆಚೆ ಹೋಗಿ ನಿಲ್ಲುತ್ತದೆ. ಆದ್ದರಿಂದ ಹೊಸ ಜಾಗವನ್ನು ಆರಿಸುವವನು ಎಲ್ಕ್ ಈಗ ಎಲ್ಲಿದೆ ಎಂದು ಕೇಳಿಕೊಂಡರೆ ಸಾಲದು. ಜನ ಬಂದಿಳಿದ ಮೇಲೆ ಅದು ಎಲ್ಲಿಗೆ ಸರಿಯುತ್ತದೆ ಎಂಬುದನ್ನು ಕಂಡುಕೊಳ್ಳಬೇಕು. ಈ ಕೆಲಸ ಮೊರದಲ್ಲಿ ಕೇರಿದ ಹಾಗೆ: ಕಾಳು ಎಲ್ಲಿದೆಯೆಂದು ಹುಡುಕುವ ಬದಲು ಹೊಟ್ಟನ್ನು ಹಾರಿಸುತ್ತ ಹೋದರೆ ಉಳಿಯುವುದು ಕಾಳೇ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಎಂಬುದು ಅಜ್ಜಂದಿರ ಕಾಲದ ಮಾತಾಗಿದೆ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಅಮೆರಿಕದ ನೆಲಕ್ಕೆ, ಅಲ್ಲಿನ ಕಾನೂನಿಗೆ ಮಾತ್ರ ಸಂಬಂಧಿಸಿದ್ದು. ಅಲ್ಲಿ ನೆಲೆಸಿರುವ ಕನ್ನಡಿಗರು ಎರಡು ಸಂಗತಿಗಳನ್ನು ಮೊದಲೇ ಗಮನಿಸಬೇಕು. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಕೊಲರಾಡೊದಲ್ಲಿ ಪರವಾನಗಿ ಕೊಳ್ಳುವ ಮೊದಲು ಬೇಟೆ ಶಿಕ್ಷಣದ ತರಗತಿಯನ್ನು ಮುಗಿಸಿರಬೇಕು. ಇನ್ನು, ಕೆಲಸದ ವೀಸಾದಂಥ ವಲಸೆಯೇತರ ವೀಸಾದಲ್ಲಿರುವವರು ಬಂದೂಕು ಹೊಂದುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸುತ್ತದೆ; ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಉಳ್ಳವರಿಗೆ ಅದರಿಂದ ವಿನಾಯಿತಿಯಿದೆ. ಪರವಾನಗಿಯ ಅವಧಿ ತೀರಿದ ದಿನ ಅದರ ಆಧಾರದ ವಿನಾಯಿತಿಯೂ ತೀರುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು. ಸಂಶಯವಿದ್ದವರು ಬಂದೂಕಿನ ಅಂಗಡಿಯವನ ಮಾತನ್ನು ನೆಚ್ಚದೆ ವಕೀಲರನ್ನು ಕೇಳುವುದೇ ಸರಿ.

ಜಾಗ ಹುಡುಕುವ ಕೆಲಸ ಆರಂಭವಾಗುವುದು ಕಾಗದಪತ್ರಗಳಿಂದ. ಕೊಲರಾಡೊ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಎಂಬ ರಾಜ್ಯ ಇಲಾಖೆ ಇಡೀ ರಾಜ್ಯವನ್ನು ಬೇಟೆ ನಿರ್ವಹಣೆಯ ಘಟಕಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಟ್ಟಿದೆ. ಕೆಲವು ಘಟಕಗಳ ಪರವಾನಗಿಗೆ ಏಪ್ರಿಲ್ ಆರಂಭದೊಳಗೆ ಅರ್ಜಿ ಹಾಕಿ ಲಾಟರಿಗೆ ಕಾಯಬೇಕು. ಬೇಡಿಕೆ ಹೆಚ್ಚಿರುವ ಕಡೆ ವರ್ಷಕ್ಕೊಂದರಂತೆ ಆದ್ಯತೆಯ ಅಂಕ ಕೂಡಿಸುತ್ತ ಹತ್ತು ಹದಿನೈದು ವರ್ಷ ಕಾದವರೂ ಇದ್ದಾರೆ. ಇನ್ನು ಕೆಲವು ಕಡೆ ಅಂಗಡಿಗೆ ಹೋಗಿ ನೇರವಾಗಿ ಕೊಳ್ಳಬಹುದು. ಹೊರರಾಜ್ಯದ ಬಿಲ್ಲುಗಾರರಿಗೆ ಇದ್ದ ಈ ಅನುಕೂಲ 2025ರಿಂದ ಲಾಟರಿಗೆ ಸೇರಿತು. ನಿಯಮಗಳು ವರ್ಷ ವರ್ಷ ಬದಲಾಗುವುದರಿಂದ ಹಳೆಯ ಸಲಹೆಗಳನ್ನು ಪಕ್ಕಕ್ಕಿಟ್ಟು ಆಯಾ ವರ್ಷದ ಕೈಪಿಡಿಯನ್ನೇ ಓದಬೇಕು.

ಇಲಾಖೆ ಪ್ರತಿವರ್ಷ ಪ್ರಕಟಿಸುವ ಬೇಟೆ ವರದಿಯಲ್ಲಿ ಯಾವ ಘಟಕಕ್ಕೆ, ಯಾವ ಹಂಗಾಮಿನಲ್ಲಿ ಎಷ್ಟು ಜನ ಹೋದರು, ಎಷ್ಟು ಎಲ್ಕ್ ಹೊಡೆದರು ಎಂಬ ಅಂದಾಜು ಸಿಗುತ್ತದೆ. ಹೊಸಬರು ಯಶಸ್ಸಿನ ಪ್ರಮಾಣ ಹೆಚ್ಚಿರುವ ಘಟಕದ ಕೆಳಗೆ ಗೆರೆ ಎಳೆದು ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ನನ್ನ ಪ್ರಕಾರ ಮೊದಲ ತಪ್ಪು ಆಗುವುದು ಇಲ್ಲಿಯೇ. ಉದಾಹರಣೆಗೆ ಎರಡು ಘಟಕಗಳನ್ನು ಕಲ್ಪಿಸಿಕೊಳ್ಳೋಣ. ಒಂದರಲ್ಲಿ 2,000 ಜನ 400 ಎಲ್ಕ್ ಹೊಡೆದಿದ್ದಾರೆ. ಇನ್ನೊಂದರಲ್ಲಿ 400 ಜನ 60 ಹೊಡೆದಿದ್ದಾರೆ. ಮೊದಲನೆಯದರ ಪ್ರಮಾಣ ನೂರಕ್ಕೆ 20, ಎರಡನೆಯದರದು 15. ಆದರೆ ಮೊದಲನೆಯ ಘಟಕದ ಮುಕ್ಕಾಲು ಪಾಲು ಖಾಸಗಿ ಜಾನುವಾರು ಜಮೀನಾಗಿದ್ದು, ಆ 400ರಲ್ಲಿ ಬಹುಪಾಲು ಅಲ್ಲಿಯೇ ಉರುಳಿದ್ದರೆ, ಸಾರ್ವಜನಿಕ ಕಾಡಿಗೆ ಹೋಗುವವನಿಗೆ ಆ ಅಂಕಿಯಿಂದ ಯಾವ ಉಪಯೋಗವೂ ಇಲ್ಲ. ಆದ್ದರಿಂದ ಬೇಟೆಗಾರರ ಸಂಖ್ಯೆಯನ್ನು ಆ ಘಟಕದ ಸಾರ್ವಜನಿಕ ನೆಲದ ವಿಸ್ತೀರ್ಣದಿಂದ ಭಾಗಿಸಿ, ಒಂದು ಚದರ ಮೈಲಿಗೆ ಎಷ್ಟು ಜನ ಬೀಳುತ್ತಾರೆಂದು ನೋಡಬೇಕು. ಒಂದೇ ವರ್ಷದ ಅಂಕಿಯನ್ನೂ ನಂಬಬಾರದು. 2022-23ರ ಚಳಿಗಾಲ ವಾಯವ್ಯ ಕೊಲರಾಡೊದ ಮೇಲೆ ಎಷ್ಟು ಕಠೋರವಾಗಿ ಎರಗಿತೆಂದರೆ, ಅಲ್ಲಿನ ಎಲ್ಕ್ ಸಂಖ್ಯೆ ಕುಸಿದು ಇಲಾಖೆ 2023ರ ಬೇಟೆಯ ಪರವಾನಗಿಗಳನ್ನೇ ಕಡಿತಗೊಳಿಸಬೇಕಾಯಿತು. ಅದಕ್ಕೆ ಹಿಂದಿನ ವರ್ಷದ ವರದಿಯನ್ನು ಹಿಡಿದು ಹೋದವರಿಗೆ ಬೇರೆಯೇ ಕಾಡು ಎದುರಾಗಿರಬೇಕು.

ಘಟಕ ನಿಶ್ಚಯವಾದ ಮೇಲೆ ಅದರೊಳಗಿನ ಒಡೆತನವನ್ನು ಓದಬೇಕು. ಅಮೆರಿಕದ ಭೂನಕ್ಷೆಗಳಲ್ಲಿ ಕೇಂದ್ರ ಸರ್ಕಾರದ ಅರಣ್ಯ ಸೇವೆಯ ನೆಲ ಹಸಿರು, ಅದೇ ಸರ್ಕಾರದ ಭೂ ನಿರ್ವಹಣಾ ಇಲಾಖೆಯದು ಹಳದಿ, ರಾಜ್ಯದ್ದು ನೀಲಿ, ಖಾಸಗಿಯದು ಬಿಳಿ. ಹಸಿರು ಮತ್ತು ಹಳದಿ ಸಾಮಾನ್ಯವಾಗಿ ಬೇಟೆಗೆ ತೆರೆದಿರುತ್ತವೆ. ನೀಲಿಯನ್ನು ನಂಬಿ ಮೋಸಹೋಗಬಾರದು. ನೆರೆಯ ಹಲವು ರಾಜ್ಯಗಳಿಗೆ ವ್ಯತಿರಿಕ್ತವಾಗಿ, ಶಾಲೆಗಳ ಆದಾಯಕ್ಕೆಂದು ಕೊಲರಾಡೊ ರಾಜ್ಯ ಇಟ್ಟುಕೊಂಡಿರುವ ಶಾಲಾನಿಧಿ ಜಮೀನುಗಳಲ್ಲಿ ಪ್ರವೇಶ ಯೋಜನೆಗೆ ಸೇರಿಸಿದವುಗಳಿಗೆ ಮಾತ್ರ ಸಾರ್ವಜನಿಕರು ಹೋಗಬಹುದು. ಹಸಿರು ತುಂಡೊಂದು ಸುತ್ತಲೂ ಬಿಳಿಯಿಂದ ಆವೃತವಾಗಿದ್ದರೆ ಅದಿದ್ದೂ ಇಲ್ಲದಂತೆ, ಏಕೆಂದರೆ ಖಾಸಗಿ ನೆಲವನ್ನು ತುಳಿಯದೆ ಅಲ್ಲಿಗೆ ತಲುಪುವಂತಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಕಂಪನಿಗಳಿಗೆ ಒಂದು ಬಿಟ್ಟು ಒಂದರಂತೆ ಚೌಕಗಳನ್ನು ದಾನ ಕೊಟ್ಟ ಪರಿಣಾಮವಾಗಿ ಪಶ್ಚಿಮದ ಹಲವೆಡೆ, ಅದರಲ್ಲೂ ವಯೋಮಿಂಗ್‌ನಲ್ಲಿ, ಒಡೆತನ ಚದುರಂಗದ ಮಣೆಯಂತಾಗಿದೆ. ಅಂಥ ಕಡೆ ಒಂದು ಸರ್ಕಾರಿ ಚೌಕದ ಮೂಲೆಯಿಂದ ಇನ್ನೊಂದರ ಮೂಲೆಗೆ, ಖಾಸಗಿ ಮಣ್ಣನ್ನು ಮುಟ್ಟದೆ ಕಾಲಿಡುವುದು ಅತಿಕ್ರಮಣವೇ ಎಂಬ ವಿವಾದ 2021ರಲ್ಲಿ ವಯೋಮಿಂಗ್‌ನ ಎಲ್ಕ್ ಮೌಂಟನ್ ಬಳಿ ಬೇಟೆಗಾರರಿಗೂ ಜಮೀನ್ದಾರರಿಗೂ ನಡುವೆ ಹುಟ್ಟಿ ನ್ಯಾಯಾಲಯ ಹತ್ತಿತು. 2025ರ ಮಾರ್ಚ್‌ನಲ್ಲಿ ಹತ್ತನೆಯ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 1885ರ ಒಂದು ಕಾಯ್ದೆಯನ್ನು ಆಧರಿಸಿ ಬೇಟೆಗಾರರ ಪರ ತೀರ್ಪಿತ್ತಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ಕೊಲರಾಡೊ ಕೂಡ ಆ ನ್ಯಾಯಾಲಯದ ವ್ಯಾಪ್ತಿಯಲ್ಲಿದೆ. ಆದರೂ ಮೂಲೆ ದಾಟುವುದನ್ನೇ ನೆಚ್ಚಿ ಮೊದಲ ಬೇಟೆಯನ್ನು ಯೋಜಿಸುವುದು ನನಗೆ ಜಾಣತನವೆನಿಸುವುದಿಲ್ಲ.

ಇದಾದ ಬಳಿಕ ನಕ್ಷೆಯ ಮೇಲಿನ ನಿಜವಾದ ಕೇರುವಿಕೆ. ಮೊದಲು ಗುರುತಿಸಬೇಕಾದದ್ದು ರಸ್ತೆಗಳನ್ನು. ಅರಣ್ಯ ಸೇವೆಯು ಯಾವ ದಾರಿಯಲ್ಲಿ ಯಾವ ವಾಹನ, ಯಾವ ತಿಂಗಳಿನಿಂದ ಯಾವ ತಿಂಗಳಿನವರೆಗೆ ಹೋಗಬಹುದೆಂದು ತೋರಿಸುವ ವಾಹನ ಬಳಕೆ ನಕ್ಷೆಯನ್ನು ಉಚಿತವಾಗಿ ಕೊಡುತ್ತದೆ. ಓರೆಗಾನ್ ರಾಜ್ಯದ ಸ್ಟಾರ್ಕಿ ಪ್ರಾಯೋಗಿಕ ಅರಣ್ಯದಲ್ಲಿ ಬೇಲಿಯೊಳಗಿನ ವಿಶಾಲ ಕಾಡಿನಲ್ಲಿ ಎಲ್ಕ್‌ಗಳಿಗೆ ಕೊರಳಪಟ್ಟಿ ತೊಡಿಸಿ ದಶಕಗಳಿಂದ ನಡೆಸಿರುವ ಅಧ್ಯಯನಗಳು, ವಾಹನ ಓಡಾಡುವ ರಸ್ತೆಗಳಿಂದ ಅವು ದೂರ ಸರಿಯುತ್ತವೆಂದು ಮತ್ತೆ ಮತ್ತೆ ತೋರಿಸಿವೆ. ಹಾಗಾಗಿ ತೆರೆದ ಪ್ರತಿಯೊಂದು ರಸ್ತೆಯ ಎರಡೂ ಬದಿಗೆ ಒಂದೂವರೆ ಕಿಲೋಮೀಟರಿನ ಪಟ್ಟಿಯನ್ನು ಬಳಿದುಬಿಟ್ಟರೆ, ವಿಶಾಲವಾಗಿ ಕಂಡಿದ್ದ ಘಟಕ ಒಮ್ಮೆಲೇ ನಾಲ್ಕೈದು ತುಂಡುಗಳಿಗೆ ಇಳಿಯುತ್ತದೆ.

ಆದರೆ ದೂರ ಹೋದಷ್ಟೂ ಒಳ್ಳೆಯದು ಎಂಬ ಮಾತನ್ನು ಎಲ್ಲರೂ ಕೇಳಿರುವುದರಿಂದಲೇ ಅದು ಈಗ ಅರ್ಧಸತ್ಯವಾಗಿದೆ. ರಸ್ತೆ, ಕಟ್ಟಡಗಳಿಲ್ಲದೆ ಕಾಡಾಗಿಯೇ ಉಳಿಸಲೆಂದು 1964ರ ಕಾಯ್ದೆಯಡಿ ಘೋಷಿತವಾದ ವೈಲ್ಡರ್‌ನೆಸ್ ಪ್ರದೇಶಗಳಲ್ಲಿ ಮೋಟಾರು ವಾಹನವಿರಲಿ, ಸೈಕಲ್ಲನ್ನೂ ಬಿಡುವುದಿಲ್ಲ. ಆದರೆ ಕುದುರೆ ಬಿಡುತ್ತಾರೆ. ಅಗಲವಾದ ಕುದುರೆದಾರಿ ಹತ್ತು ಕಿಲೋಮೀಟರ್ ಒಳಗಿನ ಹುಲ್ಲುಗಾವಲಿಗೆ ನೇರವಾಗಿ ಹೋಗುತ್ತಿದ್ದರೆ, ಅಲ್ಲಿ ವೃತ್ತಿಪರ ಮಾರ್ಗದರ್ಶಕರ ಡೇರೆಗಳು ನಿಮಗಿಂತ ಮೊದಲೇ ಎದ್ದಿರುತ್ತವೆ. ಅದೇ ಹೊತ್ತಿಗೆ ರಸ್ತೆಯಿಂದ ಎರಡೇ ಕಿಲೋಮೀಟರ್ ಆಚೆ, ದಾರಿಯಿಲ್ಲದ, ಏರಿದವನಿಗೆ ಉಸಿರು ಕಟ್ಟಿಸುವ ಒಂದು ಕಡಿದಾದ ಮಡಿಲಿನಲ್ಲಿ ಎಲ್ಕ್ ನೆಮ್ಮದಿಯಾಗಿ ಮೆಲುಕು ಹಾಕುತ್ತಿರಬಹುದು. ಕಿಲೋಮೀಟರಿನ ಲೆಕ್ಕಕ್ಕಿಂತ ಎಷ್ಟು ಜನರಿಗೆ ಅಲ್ಲಿಗೆ ಹೋಗಲು ಮನಸ್ಸಾಗುವುದಿಲ್ಲ ಎಂಬ ಲೆಕ್ಕವೇ ಹೆಚ್ಚು ಉಪಯುಕ್ತ. (ವಯೋಮಿಂಗ್‌ನಲ್ಲಾದರೆ ಹೊರರಾಜ್ಯದವರು ಮಾರ್ಗದರ್ಶಕ ಅಥವಾ ಸ್ಥಳೀಯ ನಿವಾಸಿ ಜೊತೆಗಿಲ್ಲದೆ ವೈಲ್ಡರ್‌ನೆಸ್‌ನಲ್ಲಿ ಎಲ್ಕ್ ಬೇಟೆಯಾಡುವಂತೆಯೇ ಇಲ್ಲ.)

ಉಳಿದ ತುಂಡುಗಳಲ್ಲಿ ಮೇವು, ನೀರು, ಮರೆ ಮೂರೂ ಹತ್ತಿರ ಹತ್ತಿರ ಕೂಡುವ ಜಾಗವನ್ನು ನೋಡಬೇಕು. ಅಮೆರಿಕದ ಭೂಸರ್ವೇಕ್ಷಣೆಯ 1:24,000 ಅಳತೆಯ ನಕ್ಷೆಗಳಲ್ಲಿ, ಬೆಟ್ಟನಾಡಿನ ಕಡೆ, ಸಾಮಾನ್ಯವಾಗಿ 40 ಅಡಿಗೊಂದರಂತೆ ಎತ್ತರದ ಗೆರೆಗಳಿರುತ್ತವೆ. ಗೆರೆಗಳು ಒತ್ತೊತ್ತಾಗಿ ಇಳಿಯುತ್ತ ಬಂದು, ನಡುವೆ ಒಂದು ಕಡೆ ಬಿಡಿಬಿಡಿಯಾಗಿ, ಮತ್ತೆ ಒತ್ತಾದರೆ ಅಲ್ಲಿ ಇಳಿಜಾರಿನ ಮಧ್ಯೆ ಜಗಲಿಯಂಥ ಒಂದು ಸಮತಟ್ಟಿದೆ ಎಂದರ್ಥ. ಉತ್ತರಕ್ಕೆ ಮುಖಮಾಡಿದ ಇಳಿಜಾರಿಗೆ ಬಿಸಿಲು ಕಡಿಮೆ ಬೀಳುವುದರಿಂದ ಅಲ್ಲಿ ಸ್ಪ್ರೂಸ್ ಮತ್ತು ಫರ್ ಮರಗಳು ಕತ್ತಲೆಗಟ್ಟುವಷ್ಟು ದಟ್ಟವಾಗಿ ಬೆಳೆಯುತ್ತವೆ. ದಕ್ಷಿಣಕ್ಕೆ ಮುಖಮಾಡಿದ್ದು ತೆರೆದ ಹುಲ್ಲಿನ ನೆಲ. ಉತ್ತರದ ಇಳಿಜಾರಿನ ಜಗಲಿಯೇ ಎಲ್ಕ್‌ನ ಹಗಲಿನ ಹಾಸಿಗೆ. ಅಲ್ಲಿಂದ ಒಂದು ಕಿಲೋಮೀಟರಿನೊಳಗೆ ಹುಲ್ಲು ಮತ್ತು ನೀರು ಇದ್ದು, ಬೆದರಿದಾಗ ಪಕ್ಕದ ಕಣಿವೆಗೆ ಜಾರಿಕೊಳ್ಳಲು ಎರಡು ಗುಡ್ಡಗಳ ನಡುವೆ ಒಂದು ತಗ್ಗು ಇದ್ದರೆ, ಆ ಜಾಗಕ್ಕೊಂದು ಗುರುತು ಹಾಕಬಹುದು.

ಹಂಗಾಮು ಬದಲಾದಂತೆ ಈ ಗುರುತುಗಳೂ ಜಾಗ ಬದಲಿಸಬೇಕು. ಸೆಪ್ಟೆಂಬರ್‌ನಲ್ಲಿ ಬೆದೆಯ ಕಾಲ. ಗಂಡುಗಳು ಹೆಣ್ಣುಗಳ ಹಿಂಡನ್ನು ಬಿಡದೆ, ಕೊಳಲನ್ನು ಒಡೆದು ಊದಿದಂತೆ ಕೂಗುತ್ತ ತಾವಿರುವ ಜಾಗವನ್ನು ತಾವೇ ಸಾರುತ್ತವೆ. ಅಕ್ಟೋಬರ್ ನಡುವಿನ ಹೊತ್ತಿಗೆ ಬೆದೆ ಮುಗಿದು, ಸೊರಗಿದ ದೊಡ್ಡ ಗಂಡುಗಳು ಹಿಂಡು ತೊರೆದು, ಮೇವೂ ನೀರೂ ಮರೆಯೂ ಕೂಗಳತೆಯಲ್ಲಿ ಸಿಗುವ ಸಣ್ಣ ಸಣ್ಣ ಅಡಗುದಾಣಗಳಲ್ಲಿ ಮೌನವಾಗಿ ಬಿದ್ದಿರುತ್ತವೆ. ನವೆಂಬರ್‌ನಲ್ಲಿ ಹಿಮ ಮಂಡಿಯೆತ್ತರಕ್ಕೆ ಬಂದರೆ ಹಿಂಡು ಕೆಳಗಿನ ಓಕ್ ಪೊದೆಗಳ ಕಡೆಗೆ, ಹಲವು ವೇಳೆ ನೇರವಾಗಿ ಬಿಳಿ ಬಣ್ಣದ ಖಾಸಗಿ ಜಮೀನಿಗೆ ಇಳಿದುಬಿಡುತ್ತದೆ. ಸೆಪ್ಟೆಂಬರ್‌ನಲ್ಲಿ ಬೇಟೆಗೆ ಹೋದ ಗೆಳೆಯ ಹೇಳಿದ ಜಾಗಕ್ಕೆ ನವೆಂಬರ್‌ನಲ್ಲಿ ಹೋಗುವುದೆಂದರೆ ಸಂತೆ ಎದ್ದ ಮೇಲೆ ಚೀಲ ಹಿಡಿದು ಹೋದಂತೆ.

ಒಂದು ನಿಜವಾದ ನೆಲವನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾದೀತು. ವೈಟ್ ರಿವರ್ ರಾಷ್ಟ್ರೀಯ ಅರಣ್ಯದ ಉತ್ತರ ಭಾಗದಲ್ಲಿ, ಮೀಕರ್ ಮತ್ತು ಯಾಂಪಾ ಊರುಗಳ ನಡುವೆ ಫ್ಲಾಟ್ ಟಾಪ್ಸ್ ಎಂಬ ಪ್ರಸ್ಥಭೂಮಿ ಇದೆ. ರಾಜ್ಯದ ಅತಿ ದೊಡ್ಡ ಎಲ್ಕ್ ಹಿಂಡಿನ ಬೇಸಿಗೆಯ ತಾಣವಿದು. ಅದರ ಮಡಿಲಿನಲ್ಲಿ, 9,600 ಅಡಿ ಎತ್ತರದಲ್ಲಿರುವ ಟ್ರ್ಯಾಪರ್ಸ್ ಸರೋವರಕ್ಕೆ 1919ರಲ್ಲಿ ಮನೆಗಳ ಜಾಗ ಅಳೆಯಲೆಂದು ಬಂದ ಅರಣ್ಯ ಸೇವೆಯ ಆರ್ಥರ್ ಕಾರ್ಹಾರ್ಟ್, ಇಲ್ಲಿ ಏನನ್ನೂ ಕಟ್ಟಬಾರದೆಂದು ವರದಿ ಕೊಟ್ಟರು. ವೈಲ್ಡರ್‌ನೆಸ್ ಎಂಬ ಕಲ್ಪನೆಯ ತೊಟ್ಟಿಲೆಂದು ಈ ಸರೋವರವನ್ನು ಕರೆಯುವುದು ಆ ಕಾರಣಕ್ಕೆ. ಉಪಗ್ರಹ ಚಿತ್ರದಲ್ಲಿ ನೋಡಿದರೆ ಮೇಲೆ ಮೈಲಿಗಟ್ಟಲೆ ಹುಲ್ಲುಗಾವಲು, ಅಂಚಿನಲ್ಲಿ ಜ್ವಾಲಾಮುಖಿ ಕಲ್ಲಿನ ಕಡಿದಾದ ಗೋಡೆ, ಅದರ ಕೆಳಗೆ ಸ್ಪ್ರೂಸ್ ಕಾಡು, ಇನ್ನೂ ಕೆಳಗೆ ಆಸ್ಪೆನ್ ತೋಪು. ನೋಡಿದವರಿಗೆಲ್ಲ ಇದೇ ಸ್ವರ್ಗವೆನಿಸುತ್ತದೆ, ಮತ್ತು ಎಲ್ಲರಿಗೂ ಹಾಗನಿಸುವುದೇ ಇಲ್ಲಿನ ತೊಂದರೆ.

ಚಿತ್ರದಲ್ಲಿ ಕಾಣಿಸದ ಸಂಗತಿಯೊಂದಿದೆ. 1940ರ ದಶಕದಲ್ಲಿ ತೊಗಟೆ ಹುಳುವಿನ ಹಾವಳಿಗೆ ಇಲ್ಲಿನ ಸ್ಪ್ರೂಸ್ ಮರಗಳು ದೊಡ್ಡ ಪ್ರಮಾಣದಲ್ಲಿ ಸತ್ತವು. 2002ರಲ್ಲಿ ಬಿಗ್ ಫಿಶ್ ಎಂಬ ಕಾಳ್ಗಿಚ್ಚು ಸರೋವರದ ಸುತ್ತಲಿನ ಕಾಡನ್ನು ಸುಟ್ಟಿತು. ಸುಟ್ಟ ನೆಲದಲ್ಲಿ ಹುಲ್ಲು ಸೊಂಪಾಗಿ ಬರುವುದರಿಂದ ಎಲ್ಕ್‌ಗೆ ಅದು ಒಳ್ಳೆಯ ಮೇವು. ಆದರೆ ಸುಟ್ಟು ನಿಂತ ಮರಗಳು ವರ್ಷಗಳು ಕಳೆದಂತೆ ಒಂದೊಂದಾಗಿ ಉರುಳಿ, ಸೊಂಟದೆತ್ತರಕ್ಕೆ ಒಂದರ ಮೇಲೊಂದು ಅಡ್ಡಾದಿಡ್ಡಿ ಬೀಳುತ್ತವೆ. ನಕ್ಷೆಯಲ್ಲಿ ಅರ್ಧ ಗಂಟೆಯ ದಾರಿಯೆಂದು ಕಂಡದ್ದು ಅಂಥ ಕಡೆ ಎರಡು ಗಂಟೆ ತಿನ್ನುತ್ತದೆ. ಉದ್ದ ಕಾಲಿನ ಎಲ್ಕ್ ಆ ದಿಮ್ಮಿಗಳನ್ನು ಹೊಸ್ತಿಲು ದಾಟಿದಂತೆ ದಾಟುತ್ತದೆ; ಬೆನ್ನ ಮೇಲೆ ಹೊರೆ ಇರುವ ಮನುಷ್ಯ ಪ್ರತಿಯೊಂದನ್ನೂ ಹತ್ತಿ ಇಳಿಯಬೇಕು. ಇಂಥ ಬಿದ್ದ ಕಾಡಿನ ಅಂಚು ಜನರನ್ನು ತಡೆಯುವ ಒಳ್ಳೆಯ ಬೇಲಿ. ಅದರ ನಡುಭಾಗ ಬೇಟೆಗಾರನಿಗೇ ಬಲೆ.

ಇಂಥವನ್ನು ತಿಳಿಯಲು ಕಾಡಿಗೆ ಹೋಗುವ ಮೊದಲು ಫೋನು ಮಾಡುವುದು ಒಳ್ಳೆಯದು. ಆಯಾ ಜಿಲ್ಲೆಯ ವನ್ಯಜೀವಿ ಅಧಿಕಾರಿಗಳೂ ಇಲಾಖೆಯ ಜೀವಶಾಸ್ತ್ರಜ್ಞರೂ ಸಾರ್ವಜನಿಕರೊಡನೆ ಮಾತಾಡುತ್ತಾರೆ. ಎಲ್ಕ್ ಎಲ್ಲಿವೆ ಎಂದು ಕೇಳಿದರೆ ಎಲ್ಲರಿಗೂ ಕೊಡುವ ಉತ್ತರವೇ ಸಿಗುತ್ತದೆ. ನಕ್ಷೆಯನ್ನು ಅರೆದು ಕುಡಿದು, ಮೊದಲ ಹಿಮ ಬಿದ್ದಾಗ ಹಿಂಡು ಈ ಕಣಿವೆಯಿಂದ ಇಳಿಯುತ್ತದೆಯೋ ಅದರ ಪಕ್ಕದ್ದರಿಂದಲೋ ಎಂದು ಕೇಳಿದವನೊಡನೆ ಅವರ ಮಾತಿನ ಧಾಟಿಯೇ ಬೇರೆ. ಅರಣ್ಯ ಸೇವೆಯ ಕಚೇರಿಯಲ್ಲಿ ಕುರಿ ಮತ್ತು ದನಗಳ ಮೇವಿನ ಗುತ್ತಿಗೆ ಎಂದು ಮುಗಿಯುತ್ತದೆಂದೂ ಕೇಳಬೇಕು. ನೂರಾರು ಕುರಿಗಳು ಮೇದುಹೋದ ಹುಲ್ಲುಗಾವಲಿಗೆ ಎಲ್ಕ್ ಆ ವಾರ ಬರುವುದಿಲ್ಲ.

ಜುಲೈ ಅಥವಾ ಆಗಸ್ಟ್‌ನಲ್ಲಿ ಎರಡು ಮೂರು ದಿನ ಆ ನೆಲವನ್ನು ಕಾಲಿನಿಂದ ಅಳೆಯುವುದು ಸಾಧ್ಯವಾದರೆ, ಅದಕ್ಕೆ ಸಮನಾದದ್ದು ಬೇರೊಂದಿಲ್ಲ. ಆಗ ಕಣ್ಣಿಗೆ ಬೀಳುವ ಎಲ್ಕ್‌ಗಳನ್ನು ಎಣಿಸಿ ಹಿಗ್ಗಬಾರದು. ಬೇಸಿಗೆಯಲ್ಲಿ ನೆತ್ತಿಯ ಹುಲ್ಲಿನಲ್ಲಿ ಮೇಯುವ ಹಿಂಡು ಅಕ್ಟೋಬರ್‌ನಲ್ಲಿ ಅಲ್ಲಿರುವುದಿಲ್ಲ. ಬೇಸಿಗೆಯ ಭೇಟಿಯಲ್ಲಿ ನೋಡಬೇಕಾದದ್ದು ಕಳೆದ ಶರತ್ಕಾಲ ಬಿಟ್ಟುಹೋದ ಗುರುತುಗಳನ್ನು. ತೋಳಿನ ದಪ್ಪದ ಎಳೆಯ ಫರ್ ಮರದ ತೊಗಟೆ ಎದೆಯೆತ್ತರದವರೆಗೆ ಸುಲಿದು, ರಾಳ ಒಣಗಿ ಹಳದಿಗಟ್ಟಿದ್ದರೆ ಕಳೆದ ಬೆದೆಯಲ್ಲಿ ಒಂದು ಗಂಡು ಅಲ್ಲಿ ಕೊಂಬು ಉಜ್ಜಿದೆ. ಅಂಥ ಮರಗಳು ಒಂದೇ ಸಾಲಿನಲ್ಲಿ ಮೂರು ನಾಲ್ಕು ಕಂಡರೆ ಅದು ಅದರ ದಾರಿ. ಒಸರು ನೀರಿನ ಬಳಿಯ ಹೊರಳುಗುಂಡಿ ನೋಡಲು ನಮ್ಮೂರಿನ ಎಮ್ಮೆ ಬಿದ್ದೆದ್ದ ಕೆಸರಿನಂತೆಯೇ ಇರುತ್ತದೆ. ಬಳಕೆಯಲ್ಲಿರುವುದಾದರೆ ನೀರು ಕದಡಿ, ಅಂಚಿನ ಹುಲ್ಲಿಗೆ ಕೆಸರು ಮೆತ್ತಿಕೊಂಡು, ಕೊಟ್ಟಿಗೆಯದಕ್ಕಿಂತ ಗಾಢವಾದ ಗಮಲು ಮೂಗಿಗೆ ಬಡಿಯುತ್ತದೆ. ಹಿಕ್ಕೆಯನ್ನು ಕಡ್ಡಿಯಿಂದ ಒಡೆದು ನೋಡಬೇಕು. ಹೊರಗೆ ಮಿರುಗುತ್ತ ಒಳಗೆ ಹಸಿರಾಗಿ ಮೆತ್ತಗಿದ್ದರೆ ಈ ದಿನದ್ದು. ಒಳಗೂ ಕಂದಾಗಿ ಪುಡಿಯಾದರೆ ಹಳೆಯದು. ಹೆಜ್ಜೆ ಒಂದು ಗೇಣಿಗೆ ಅರ್ಧದಷ್ಟು, ಅಂದರೆ ಸುಮಾರು ಹತ್ತು ಸೆಂಟಿಮೀಟರ್ ಉದ್ದ; ದನದ ಗೊರಸಿನಷ್ಟು ಗುಂಡಗಿರುವುದಿಲ್ಲ.

ಮನುಷ್ಯರ ಗುರುತುಗಳನ್ನೂ ಅಷ್ಟೇ ಶ್ರದ್ಧೆಯಿಂದ ಓದಬೇಕು. ಹಳೆಯ ಒಲೆಗಲ್ಲು, ಮರಕ್ಕೆ ಬಿಗಿದು ಬಿಟ್ಟ ತಂತಿ, ಕುದುರೆ ಕಟ್ಟಿ ಸವೆದ ನೆಲ, ಒಣಗಿದ ಲದ್ದಿ ಕಂಡರೆ ಅಕ್ಟೋಬರ್‌ನಲ್ಲಿ ಅಲ್ಲಿ ಯಾರೋ ಇರುತ್ತಾರೆಂದು ಬರೆದುಕೊಳ್ಳಬೇಕು. ಅದರಿಂದ ಆ ಜಾಗ ಪೂರ್ತಿ ಕೆಟ್ಟಿತೆಂದೇನೂ ಅಲ್ಲ. ಆ ಡೇರೆಯವರು ಬೆಳಗಿನ ಜಾವ ಹೊರಟು ಯಾವ ಏಣನ್ನು ಹತ್ತುತ್ತಾರೆ, ಅವರ ವಾಸನೆ ಹತ್ತಿದ ಎಲ್ಕ್ ಯಾವ ತಗ್ಗಿನಿಂದ ಜಾರಿಕೊಳ್ಳುತ್ತದೆ ಎಂದು ಊಹಿಸಿದರೆ, ಬೇಟೆಯ ಮೊದಲ ದಿನ ಮರಸು ಕೂರಬೇಕಾದ ಜಾಗ ತಾನಾಗಿ ಸಿಗುತ್ತದೆ.

ಗಾಳಿಯ ವಿಚಾರ ಇದಕ್ಕೇ ಸೇರಿದ್ದು. ಬೆಟ್ಟದಲ್ಲಿ ರಾತ್ರಿ ತಣಿದ ಗಾಳಿ ಭಾರವಾಗಿ ಕಣಿವೆಯತ್ತ ಹರಿಯುತ್ತದೆ. ಬಿಸಿಲು ಇಳಿಜಾರಿಗೆ ತಾಗಿದ ಮೇಲೆ ಬೆಚ್ಚಗಾಗಿ ಮೇಲಕ್ಕೆ ಏರುತ್ತದೆ. ಸಂಜೆ ಮತ್ತೆ ತಿರುಗುತ್ತದೆ. ಹಗಲಿನಲ್ಲಿ ಕೆಳಗಿನಿಂದ ಹತ್ತುವವನ ವಾಸನೆ ಅವನಿಗಿಂತ ಮೊದಲೇ ಎಲ್ಕ್‌ಗೆ ತಲುಪಿರುತ್ತದೆ. ಬೇಸಿಗೆಯ ಭೇಟಿಯಲ್ಲಿ ಗುರುತಿಸಿದ ಪ್ರತಿ ಜಗಲಿಯ ಬಳಿಯೂ ಒಂದು ಚಿಟಿಕೆ ಪುಡಿ ಹಾರಿಸಿ, ಎಷ್ಟು ಗಂಟೆಗೆ ಗಾಳಿ ತಿರುಗಿತೆಂದು ಬರೆದಿಟ್ಟುಕೊಂಡರೆ, ಅದನ್ನು ಯಾವ ದಿಕ್ಕಿನಿಂದ ಸಮೀಪಿಸಬೇಕೆಂಬ ಪ್ರಶ್ನೆ ಬಹುಮಟ್ಟಿಗೆ ಬಗೆಹರಿದಂತೆ. ಬೇಟೆಗೆ ಒಂದು ವಾರ ಉಳಿದಿರುವಾಗ ಮಾತ್ರ ಆ ಜಗಲಿಗಳಿಗೆ ಕಾಲಿಡಬಾರದು. ಎದುರಿನ ಗುಡ್ಡದಲ್ಲಿ ಕುಳಿತು ದುರ್ಬೀನಿನಲ್ಲಿ ನೋಡಿದರೆ ಸಾಕು.

ಹೀಗೆ ಕೇರಿ ಕೇರಿ ಕೊನೆಗೆ ಮೂರು ಜಾಗಗಳಾದರೂ ಉಳಿಯಬೇಕು, ಒಂದು ಎಷ್ಟೇ ಚೆನ್ನಾಗಿದ್ದರೂ. ಮೊದಲನೆಯದರಲ್ಲಿ ಒಂದೂವರೆ ದಿನ ಹುಡುಕಿಯೂ ಹೊಸ ಹೆಜ್ಜೆ, ಹಸಿ ಹಿಕ್ಕೆ ಸಿಗದಿದ್ದರೆ, ಅಷ್ಟು ತಿಂಗಳು ನಕ್ಷೆಯ ಮೇಲೆ ಮುದ್ದಿಸಿದ ಜಾಗವೆಂಬ ಮೋಹವನ್ನು ಬಿಟ್ಟು ಡೇರೆ ಕೀಳಬೇಕು.

ಮೂರನ್ನೂ ಅಂತಿಮಗೊಳಿಸುವ ಮೊದಲು ಹಾಕಲೇಬೇಕಾದ ಲೆಕ್ಕವೊಂದು ಉಳಿದಿದೆ, ಮತ್ತು ಹೊಸಬರು ಅದನ್ನು ಹಾಕುವುದು ಸಾಮಾನ್ಯವಾಗಿ ಎಲ್ಕ್ ಬಿದ್ದ ಮೇಲೆ. ದೊಡ್ಡ ಗಂಡಿನಿಂದ ಮೂಳೆ ಬಿಡಿಸಿದ ಮಾಂಸವೇ ಸುಮಾರು 100 ಕಿಲೋ ಬರುತ್ತದೆ. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಕೊಳೆಯಲು ಬಿಡುವುದು ಕೊಲರಾಡೊದಲ್ಲಿ ಅಪರಾಧ. ಒಬ್ಬನೇ ಇದ್ದು, ಆ ಎತ್ತರದ ತೆಳುಗಾಳಿಯಲ್ಲಿ ಒಂದು ಸಲಕ್ಕೆ 25 ಕಿಲೋ ಹೊತ್ತರೆ ನಾಲ್ಕು ಹೊರೆ. ಎಲ್ಕ್ ಬಿದ್ದ ಜಾಗ ರಸ್ತೆಯಿಂದ ಐದು ಕಿಲೋಮೀಟರ್ ಇದ್ದರೆ ನಾಲ್ಕು ಸಲ ಹೊರಕ್ಕೆ, ಮೂರು ಸಲ ಒಳಕ್ಕೆ, ಒಟ್ಟು 35 ಕಿಲೋಮೀಟರ್ ನಡಿಗೆ. ಸೆಪ್ಟೆಂಬರ್‌ನ ಬಿಸಿಲಿನಲ್ಲಾದರೆ ಮೂರನೆಯ ಹೊರೆ ತಲುಪುವಷ್ಟರಲ್ಲಿ ನಾಲ್ಕನೆಯದು ಕೆಡಲು ಆರಂಭಿಸಿರುತ್ತದೆ. ಆದ್ದರಿಂದ ಪೆನ್ಸಿಲ್ ಹಿಡಿದು ಪ್ರತಿ ಗುರುತಿನಿಂದಲೂ ವಾಹನ ನಿಲ್ಲುವ ಜಾಗದವರೆಗೆ ಗೆರೆ ಎಳೆದು ನೋಡಬೇಕು. ಆ ಗೆರೆ ಬಿದ್ದ ಕಾಡನ್ನು ಹಾಯ್ದು ಹೋಗುತ್ತಿದ್ದರೆ, ಅಥವಾ ಇಳಿದ ಕಣಿವೆಯನ್ನು ಮತ್ತೆ ಸಾವಿರ ಅಡಿ ಏರಿ ಬರಬೇಕಿದ್ದರೆ, ಅಲ್ಲಿ ಎಷ್ಟೇ ಎಲ್ಕ್ ಇರಲಿ, ಜೊತೆಗೆ ಹೊರಲು ಮೂವರು ಗೆಳೆಯರಿಲ್ಲದವನು ಆ ಗುರುತನ್ನು ಅಳಿಸಿಬಿಡಬೇಕು.